ಸುಗ್ಗುವಿನ ಎಡಗೈ

೧೧-೨-೪೬, ಸೋಮವಾರ. ಬೆಳಿಗ್ಗೆ

ನಶ್ಯದ ಡಬ್ಬಿ ಮತ್ತೆ ಖಾಲಿ. ಮೊಮ್ಮಗಳು ಸುಗ್ಗು ಜಗಲಿಯ ತುಂಬ ಚೆಲ್ಲಿ, ಅದರ ಮೇಲೇ ಕೂತು, ಸೀನುತ್ತ ನಗುತ್ತಿದ್ದಳು. ಎರಡು ವರ್ಷ ತುಂಬಿಲ್ಲ, ಮುಚ್ಚಳ ತಿರುಪಿ ತೆಗೆಯುವುದು ಕಲಿತಿದ್ದಾಳೆ. ಅದೂ ಎಡಗೈಯಲ್ಲಿ. ನ್ಯೂಸೆನ್ಸ್! ಆದರೂ ಬೈಯಲು ಮನಸ್ಸಾಗಲಿಲ್ಲ.

ಅವಳದು ಎಲ್ಲವೂ ಎಡಗೈ. ನನ್ನ ಅಕ್ಕ ಸುಂದರಿಗೆ ಅದೇ ಕಣ್ಣುರಿ. ಬೆಳಿಗ್ಗೆಯೇ ಶುರು: "ಎಡ್ಗೈಯಂಗೆ ದ್ವಾಸಿ ತಿಂಬ್ದಾ? ಥೂ! ನಾಳೆ ಇದನ್ನ್ ಯಾರ್ ಮದಿ ಆತ್ರ್?" ಎರಡು ವರ್ಷದ ಕೂಸಿಗೆ ಮದುವೆಯ ಚಿಂತೆ. ಸೊಸೆ ವನಜ ತಲೆ ತಗ್ಗಿಸಿ ದೋಸೆ ಹೊಯ್ಯುತ್ತಿದ್ದಳು. ಅವಳಿಗೆ ಬಾಯಿಲ್ಲ. ಮಗ ರತ್ನಾಕರ ಬೈಂದೂರಿನಲ್ಲಿ ಮಾಸ್ತರ. ಶನಿವಾರ ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಮನೆಯಲ್ಲಿ ಆಡಳಿತ ಅಕ್ಕನದು.

ನನ್ನ ಹೆಂಡತಿ ಚಂದ್ರಾವತಿಯೂ ಎಡಚಿ. ಮದುವೆಯಾಗಿ ಎಷ್ಟೋ ಕಾಲದ ಮೇಲೆ ನನಗೆ ಗೊತ್ತಾದದ್ದು — ಬಾಗಿಲು ಓರೆ ಮಾಡಿಕೊಂಡು ಎಡಗೈಯಲ್ಲಿ ತೆಂಗಿನಕಾಯಿ ಹೆರೆಯುತ್ತಿದ್ದಳು, ಕದ್ದು. ಕಂಡಾಗ ಕಳ್ಳಿಯ ಹಾಗೆ ಬೆಚ್ಚಿದಳು. ಈಗ ಇದ್ದಿದ್ದರೆ…

ಅದೇ ದಿನ, ಸಂಜೆ

ಕೋಡಿಯಿಂದ ನೆಂಟರು ಬಂದಿದ್ದರು. ಜಗಲಿಯಲ್ಲಿ ಸುಕ್ಕಿನುಂಡೆಯ ತಟ್ಟೆ. ಸುಗ್ಗು ಕೈ ಚಾಚಿದಳು — ಯಾವ ಕೈ ಎಂದು ಬರೆಯಬೇಕೆ? ನೆಂಟರೆದುರು ಅಕ್ಕನ ಮರ್ಯಾದೆ ಹೋಯಿತು. ಕೈಯ ಮೇಲೆ ಫಟ್ ಎಂದು ಬಿತ್ತು. ಕೂಸು ಹಿಂದೆ ಸರಿಯಿತು. ಹಿಂದೆ ಜಗಲಿ ಮುಗಿದಿತ್ತು.

ಕೆಳಗೆ ಮೆಟ್ಟಿಲ ಕಲ್ಲು. ಉಸಿರು ಕಟ್ಟಿ ಮುಖ ಕಪ್ಪಿಟ್ಟು, ಆಮೇಲೆ ಕೂಗು. ಬಾಯಿಗೆ ಬೆಲ್ಲ ಹಾಕಿದರು. ಅಕ್ಕ ಹೇಳಿದಳು: "ಎಂತ ಆಯ್ಲಿಲ್ಲೆ. ಮಕ್ಕಳಂದ್ರೆ ಬೀಳ್ತೊ." ತಾನೇ ಬಿತ್ತಂತೆ! ಯಾರೂ ಏನೂ ಕಾಣಲಿಲ್ಲವಂತೆ. ನೆಂಟರು ಉಂಡೆ ಜಗಿಯುತ್ತ ತಲೆಯಾಡಿಸಿದರು. ಡಿಸ್‌ಗಸ್ಟಿಂಗ್.

ಈಗ ಎಡಗೈ ಪಡವಲಕಾಯಿಯ ಹಾಗೆ ಜೋತಿದೆ. ಮುಟ್ಟಿದರೆ ಕಿರುಚುತ್ತಾಳೆ. ಕುಂದಾಪುರದ ಡಾಕ್ಟರಿಗೆ ತೋರಿಸುವ ಎಂದೆ. ಅಕ್ಕ ಆಗಲೇ ಕೊಕ್ಕರ್ಣೆಯ ನಾಟಿ ಪಂಡಿತನನ್ನು ಕರೆತರಲು ಜನ ಕಳಿಸಿಯಾಗಿತ್ತು.

೧೨-೨-೪೬, ಮಂಗಳವಾರ

ಭೋಜ ಪಂಡಿತ ಬಂದ. ಎಲುಬು ಕಟ್ಟುವುದರಲ್ಲಿ ದೊಡ್ಡ ಹೆಸರಂತೆ. ಉಗುರೊಳಗೆ ಎಷ್ಟು ಊರಿನ ಮಣ್ಣು!

ಉದ್ದಿನ ಹಿಟ್ಟು, ಯಾವುದೋ ಸೊಪ್ಪು, ಕೋಳಿಮೊಟ್ಟೆ. ಮೊಟ್ಟೆಯನ್ನು ಅಂಗಳದಾಚೆ ಒಡೆಯಬೇಕೆಂದು ಅಕ್ಕನ ಅಪ್ಪಣೆ. ಮೂಗಿಗೆ ಸೆರಗು ಹಿಡಿದು ನಿಂತಳು. ಮೊಟ್ಟೆಗೆ ಮೂಗು ಮುಚ್ಚುವವಳು ಕೂಸಿನ ಕೂಗಿಗೆ ಕಿವಿ ಮುಚ್ಚಲಿಲ್ಲ. ಪಂಡಿತ ಬಿದಿರ ದಬ್ಬೆ ಇಟ್ಟು, ಹಳೆ ಸೀರೆಯ ಪಟ್ಟಿ ಸುತ್ತಿ, ಮೊಣಕಾಲು ಒತ್ತಿ ಬಿಗಿದ. ಬಿಗಿಯಾಯಿತಲ್ಲ ಎಂದೆ.

"ಗಟ್ಟಿ ಕಟ್ರೆ ಗಟ್ಟಿ ಕೂಡ್ತ್, ಒಡೆಯಾ. ಬಪ್ಪು ವಾರ ನಾನೇ ಬಂದ್ ಬಿಚ್ತೆ. ಅಲ್ಲಿವರಿಗೆ ಯಾರೂ ಮುಟ್ಟುಕಾಗ. ಕಟ್ಟದ್ ಕೈಯೇ ಬಿಚ್ಕ್. ಬೇರೆ ಕೈ ಬಿಚ್ರೆ ಎಲುಬ್ ಕೂಡ್ತಿಲ್ಲೆ."

ಅವನು ಹೋದ ಮೇಲೆ ಅಕ್ಕ, ನಗುತ್ತ: "ದೇವ್ರೇ ಕಟ್ಟಿ ಹಾಕ್ದ. ಇನ್ನ್ ಬಲಗೈಯಂಗೇ ತಿಂತ್, ಕಾಣಿ." ನಗುತ್ತ!

೧೩-೨-೪೬, ಬುಧವಾರ

ನೋಡಲು ಬರುವವರ ಸಂತೆ. ಎಲ್ಲರದೂ ಒಂದೇ ಪ್ರಶ್ನೆ. "ಹ್ವಾಯ್, ಮುರ್ದದ್ ಯಾವ್ ಕೈ?" "ಎಡದ್ದ್." "ಅಬ್ಬಾ, ಬದ್ಕ್ತ್!" ಎಡಗೈ ಎಂದರೆ ಬಾಲವೆ, ಇದ್ದರೂ ಹೋದರೂ ಒಂದೇ ಎನ್ನಲು? ಒಬ್ಬಳು ದೃಷ್ಟಿ ತೆಗೆದಳು. ಒಬ್ಬಳು ಚಟ್ನಿಯ ರುಚಿ ಹೊಗಳಿದಳು. ಪಟ್ಟಿಗೆ ನೊಣ ಮುತ್ತಿದೆ, ಮೊಟ್ಟೆ ಹುಳಿತ ನಾತ.

ಬೆರಳುಗಳು ಊದಿವೆ. "ಕೂಡುಕೆ ಶುರುವಾದ್ರೆ ಊದ್ತ್" ಅಂದಳು ಅಕ್ಕ. ಎಲ್ಲ ಕಂಡವಳು!

೧೪-೨-೪೬, ಗುರುವಾರ

ಬೆಳಿಗ್ಗೆ ವನಜ ಬಂದು ಕಂಬಕ್ಕೆ ಆತು ನಿಂತಳು. "ಮಾವ, ಬೆರಳ್ ಕಾಣಿ. ತಣ್ಣಗಾಯ್ತ್. ಕೂಗುದೂ ಇಲ್ಲೆ."

ನೇರಳೆ ಹಣ್ಣಿನ ಬಣ್ಣ. ಚಿವುಟಿದೆ. ಕೂಸು ಸುಮ್ಮನೆ ನನ್ನ ಮುಖ ನೋಡಿತು. ಸರ್ಕ್ಯುಲೇಷನ್ ಆಫ್ ಬ್ಲಡ್ — ಮಂಗಳೂರಿನ ಕಾಲೇಜಿನಲ್ಲಿ ಓದಿದ್ದೆ. ಕಂಡುಹಿಡಿದವನ ಹೆಸರು ಮರೆತಿದೆ. ರಕ್ತ ಹೋಗದ ಅಂಗ ಸಾಯುತ್ತದೆ, ಅಷ್ಟು ಮರೆತಿಲ್ಲ.

ಕ್ಷೌರದ ಕತ್ತಿ ತಂದೆ. ಅಕ್ಕ ಬಾಗಿಲಿಗೆ ಅಡ್ಡ. "ಕಟ್ಟದ್ ಕೈಯೇ ಬಿಚ್ಕ್ ಅಂದಿದ್ನಲ್ಲ! ಕೈ ಹೋದ್ರೆ ನಿನ್ ತಲಿ ಮೇಲೆ!"

"ಹೋಪುದಾದ್ರೆ ಎಡದ್ದೇ ಅಲ್ದಾ ಅಕ್ಕ? ನಿಂಗೆಂತ ನಷ್ಟ?"

ಸರಿದಳು. ಕೊಯ್ದೆ. ಪಟ್ಟಿ ಅಂಟಿದಲ್ಲಿ ಚರ್ಮವೂ ಬಂತು. ಆ ನಾತ… ಬಾವಿಕಟ್ಟೆಗೆ ಹೋಗಿ ವಾಂತಿ ಮಾಡಿದೆ. ತಿರುಗಿ ಬರುವಷ್ಟರಲ್ಲಿ ಸುಗ್ಗು ಕೂಗುತ್ತಿದ್ದಳು. ಅಷ್ಟು ಇಂಪಾದ ಕೂಗು ನಾನು ಕೇಳಿದ್ದಿಲ್ಲ.

ದೋಣಿ ಹತ್ತಿಸಿ ಕುಂದಾಪುರಕ್ಕೆ. ದೋಣಿಯವನೂ ಕೇಳಿದ, "ಎಡದ್ದಾ, ಒಡೆಯಾ?" ಥೂ.

ಡಾಕ್ಟರು ಪ್ಲಾಸ್ಟರ್ ಹಾಕಿದರು, ಸಡಿಲಾಗಿ. ಸಣ್ಣ ಮಕ್ಕಳ ಎಲುಬು ಹಸಿ ಕಡ್ಡಿಯ ಹಾಗಂತೆ; ಬಾಗಿ ಸೀಳುತ್ತದೆ, ಬೇಗ ಕೂಡುತ್ತದೆ. ಎಲುಬಿನ ಚಿಂತೆ ಬೇಡ. ಬೆರಳು? ನರಕ್ಕೆ ಪೆಟ್ಟಾಗಿದೆ. ಬಂದರೆ ಬಂತು, ಕಾಯಬೇಕು. ಮತ್ತೆ ಅವರೂ ಕೇಳಿದರು, "ಮಗು ಯಾವ ಕೈ ಬಳಸುತ್ತದೆ?"

ನಾನು ಬಾಯಿ ತೆರೆಯುವ ಮೊದಲೇ ವನಜ — ಬಾಯಿಲ್ಲದ ವನಜ — ಇಡೀ ಆಸ್ಪತ್ರೆಗೆ ಕೇಳುವ ಹಾಗೆ: "ಎಡ್ಗೈ!"

೧೪-೩-೪೬, ಗುರುವಾರ

ಬರೆಯಲು ಮನಸ್ಸಿರಲಿಲ್ಲ. ಇಂದು ಪ್ಲಾಸ್ಟರ್ ತೆಗೆದರು. ಒಳಗೆ ಸತ್ತ ಚರ್ಮ ಹಾವಿನ ಪೊರೆಯ ಹಾಗೆ, ಹುಳಿ ಮಜ್ಜಿಗೆಯ ವಾಸನೆ. ಕೈ ಬೆಂಡೆಕಾಯಿಯಷ್ಟು ಸಪೂರ. ಎಲುಬು ನೆಟ್ಟಗಿದೆ. ಬೆರಳು ಮಡಚುವುದಿಲ್ಲ. ಹೆಬ್ಬೆರಳು ಮಾತ್ರ ಒಮ್ಮೆ ಅಲುಗಿತು… ಅಥವಾ ನನಗೆ ಹಾಗೆ ಕಂಡಿತು.

ಅಷ್ಟರಲ್ಲಿ ಸುಗ್ಗು ಬಲಗೈಯಲ್ಲಿ ತಿನ್ನುವುದು ಕಲಿತಿದ್ದಾಳೆ. ಅರ್ಧ ಮೂಗಿಗೆ, ಅರ್ಧ ನೆಲಕ್ಕೆ. ಅಕ್ಕನಿಗೆ ಹಬ್ಬ. ಕಳೆದ ಶನಿವಾರ ಬಂದಾಗ ರತ್ನಾಕರನೂ ಅಂದ: "ಒಂದ್ ಲೆಕ್ಕಂಗೆ ಒಳ್ಳೇದೇ ಆಯ್ತಲ್ದಾ ಅಪ್ಪಯ್ಯ?" ವನಜ ಎದ್ದು ಒಳಗೆ ಹೋದಳು. ನನ್ನ ಹೊಟ್ಟೆಯ ಮಗ! ಉಣ್ಣುತ್ತಿದ್ದ ಅನ್ನ ಬಿಟ್ಟು ಎದ್ದೆ.

೨೫-೩-೪೬, ಸೋಮವಾರ. ಮಧ್ಯಾಹ್ನ

ದಿನಾ ನಶ್ಯದ ಡಬ್ಬಿಯನ್ನು ಜಗಲಿಯಲ್ಲಿ ಬಿಟ್ಟು ಕೂರುತ್ತೇನೆ. ಕಂಡವರು ಅರಳುಮರಳು ಎನ್ನಲಿ. ದಿನಾ ಅವಳು ಬಲಗೈಯಲ್ಲಿ ಎತ್ತುತ್ತಾಳೆ, ಅಲ್ಲಾಡಿಸುತ್ತಾಳೆ, ಬಿಸಾಡುತ್ತಾಳೆ. ಎಕ್ಸ್‌ಪೆರಿಮೆಂಟ್… ಫೇಲ್.

ಇವತ್ತೂ ಎತ್ತಿಕೊಂಡಿದ್ದಾಳೆ. ಬಲಗೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಾಳೆ. ಎಡಗೈ ಮುಚ್ಚಳದ ಮೇಲೆ. ಹೆಬ್ಬೆರಳು… ಪಕ್ಕದ್ದೂ. ಜಾರಿತು. ಮತ್ತೆ ಹಿಡಿದಳು. ನಾಲಗೆ ಹೊರಗೆ ಹಾಕಿ ತಿರುಪುತ್ತಿದ್ದಾಳೆ. ಸ್ಟೆಡಿ, ಮಗಾ, ಸ್ಟೆಡಿ—

ತೆರೆಯಿತು! ಜಗಲಿಯ ತುಂಬ ನಶ್ಯ. ಸೀನುತ್ತಿದ್ದಾಳೆ. ನಗುತ್ತಿದ್ದಾಳೆ. ಸೀನು ಕೇಳಿ ಅಕ್ಕ ಒಳಗಿಂದ ಬಂದಳು. ಎಡಗೈ ಕಂಡಳು. ಬರುತ್ತಿದ್ದಾಳೆ, ಕೈ ಎತ್ತಿಕೊಂಡು. ಈ ಸಲ ನಾನು ಅಡ್ಡ—