ದೊರೆಯ ಮಾತುಗಾರನ ಮಗಳು

ಅಕ್ರಾ, ಭಾನುವಾರ

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ಮೊನ್ನೆ ನೀತಿಶಾಸ್ತ್ರದ ಸೆಮಿನಾರಿನಲ್ಲಿ ನನ್ನ ಪ್ರಬಂಧ ಓದಿದೆ. ವಿಷಯ ನೀವೇ. ದೊರೆ ಮೆಲ್ಲಗೆ ಅಂದದ್ದನ್ನು ಸಭೆಗೆ ಗಟ್ಟಿಯಾಗಿ ಹೇಳುವ ಮಾತುಗಾರ ಅದನ್ನು ತಿದ್ದಿ ಹೇಳಿದರೆ ಸುಳ್ಳುಗಾರನೇ?

ಅಲ್ಲ ಎಂದು ಎದೆ ತಟ್ಟಿ ವಾದಿಸಿದೆ. ಅಂದು ದೊರೆ ಸಿಟ್ಟಿನಲ್ಲಿ, "ಆ ವಿಧವೆ ಊರು ಬಿಟ್ಟು ತೊಲಗ್ಲಿ" ಅಂದರೆ, ನೀವು ಚಿನ್ನದ ಹಿಡಿಯ ಕೋಲು ಊರಿ, "ಗೆಣಸಿನ ಹಬ್ಬ ಕಳೀಲಿ, ಆಮೇಲೆ ನೋಡೋಣ ಅಂತಾರೆ ದೊರೆ" ಅಂದಿರಲ್ಲ, ಅದನ್ನೇ ಹೇಳಿದೆ. ಪಕ್ಕದಲ್ಲೇ ಕೂತಿದ್ದ ದೊರೆ ನಿಮ್ಮನ್ನು ತಡೆಯಲಿಲ್ಲ. ಹಬ್ಬದ ಹೊತ್ತಿಗೆ ಅವರ ಸಿಟ್ಟೂ ಇಳಿದಿತ್ತು. ಆಕೆ ಇಂದಿಗೂ ನಮ್ಮ ನೆರೆಯವಳು.

ಪ್ರೊಫೆಸರ್ ಅಂಪಾದು ಮೇಡಂ ಕನ್ನಡಕ ತೆಗೆದರು. "ಎಲ್ಲಾ ಸರಿ ಕಣಮ್ಮ. ಆದ್ರೆ ಕೇಳೋರಿಗೆ ನಿಜವಾದ ಮಾತು ತಿಳಿಯೋ ಹಕ್ಕಿಲ್ವಾ?"

"ಸಿಕ್ಕಿಬಿದ್ಲು ಮಾತುಗಾರನ ಮಗಳು!" ಎಂದು ಹಿಂದಿನಿಂದ ಯಾರೋ ನಕ್ಕರು.

"ಮುಂದಿನ ವಾರ ಉತ್ತರ ತರ್ತೀನಿ ಮೇಡಂ" ಅಂದೆ. ತಂದೇ ತರುತ್ತೇನೆ.

ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಮದುವೆ ಬೇಡವೆಂದು ನಾನು ಓದಲು ಹೊರಟ ದಿನ ಅಮ್ಮ ಕೋಣೆಯಿಂದ ಹೊರಗೆ ಬರಲಿಲ್ಲ. ನೀವು ಒಳಗೆ ಹೋಗಿ ಬಂದು, "ಗೆದ್ದು ಬಾ ಅಂತಾಳೆ ನಿಮ್ಮಮ್ಮ" ಅಂದಿರಿ. ಆ ಮಾತನ್ನು ನೆಚ್ಚಿಕೊಂಡೇ ಇಲ್ಲಿಯವರೆಗೆ ಬಂದಿದ್ದೇನೆ, ಅಪ್ಪ.

ಈಗ ಮಗಳಿಗೆ ನಿನ್ನ ಕೈಯ ಒಣಮೀನಿನ ಚಟ್ನಿ ಒಂದು ಸೀಸೆ ಬೇಕಂತೆ ಎಂದು ಅಮ್ಮನಿಗೆ ಹೇಳಿ. ಅವಳು ಏನನ್ನುತ್ತಾಳೋ ಅದನ್ನು ಹಾಗೇ ಬರೆಯಿರಿ. ಈ ಸಲ ತಿದ್ದಬೇಡಿ.

ನಿಮ್ಮ ಮಗಳು
ಡಾನ್ಸೊವಾ