ಎಂಬತ್ತು ಪರ್ಸೆಂಟಿಗೆ ಕುಗ್ಗಿಸಿದ್ದು

ಸೆಪ್ಟೆಂಬರ್ 3, ಬುಧವಾರ. ಕೊಪ್ಪ

ಇವತ್ತು ಫೋನ್ ಬರದಿದ್ದರೆ ಇದನ್ನು ಇಲ್ಲಿಯೂ ಬರೆಯದೆ ಬಿಡುತ್ತಿದ್ದೆ. ಜೂನ್‌ನಲ್ಲಿ ನಜೀರ್ ಸ್ಟೆಪ್ ಫೈಲ್ ಕೇಳಿದ್ದರು — ನಾನು ಡಿಸೈನ್ ಮಾಡಿದ, ಊರುಗೋಲಿಗೆ ತೋಳು ಹಿಡಿಸುವ ಕೈಪಟ್ಟಿಯದು, ತಿದ್ದಲು ಬರುವಂಥದ್ದು. ಹಾರ್ಡ್ ಡಿಸ್ಕ್ ಹೋಯಿತು, ಫೈಲ್ ಇಲ್ಲ ಎಂದು ಮೆಸೇಜ್ ಹಾಕಿದೆ. ಇತ್ತು. ಆ ಹೊತ್ತಿಗೆ ಸ್ಕ್ರೀನಿನ ಮೇಲೆ ತೆರೆದೇ ಇತ್ತು.

ನಜೀರ್ ಅವರದು ನರಸಿಂಹರಾಜಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಒಂದು ತ್ರೀಡಿ ಪ್ರಿಂಟರ್ ಇದೆ. ಇವತ್ತು ಫೋನ್ ಮಾಡಿದರು. ನನ್ನ ವೆಬ್‌ಸೈಟಿನ ಫೈಲಿನಿಂದ ಪ್ರಿಂಟ್ ಮಾಡಿದ ಕೈಪಟ್ಟಿ ತುಂಡಾಯಿತಂತೆ. ತಂಗಿಯ ಮಗಳು ಸುಮಯ್ಯ, ಹನ್ನೊಂದು ವರ್ಷ, ಶಾಲೆಯ ಮೆಟ್ಟಿಲಿನಿಂದ ಬಿದ್ದಳು. ಸರಿಯಿದ್ದ ಕಾಲಿನ ತೊಡೆಯ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್.

"ತಪ್ಪು ನಂದೇ ಮೇಡಂ. ತೂತು ಕೊರೆದದ್ದು ನಾನು. ನಿಮ್ ಡಿಸೈನ್ ಚೆನ್ನಾಗೇ ಇತ್ತು."

ಮುರಿದದ್ದರ ಫೋಟೋ ಕಳಿಸಿ ಎಂದೆ, ಅಷ್ಟೇ.

ಸೆಪ್ಟೆಂಬರ್ 4

ಫೋಟೋ ಬಂತು. ಮುರಿದ ತುಂಡು, ಪಕ್ಕದಲ್ಲಿ ಸ್ಕೇಲ್.

ಮೊದಲು ಇದನ್ನು ಊರುಗೋಲು ಹಿಡಿದು ನಡೆಯುವ ಹಿರೇಕೊಡಿಗೆಯ ಪ್ರೇಮಕ್ಕನ ತೋಳಿಗೆಂದು ಮಾಡಿದ್ದು, ದೊಡ್ಡವರ ಅಳತೆ. ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ವೆಬ್‌ಸೈಟಿಗೆ ಹಾಕುವಾಗ ಯಾವ ಬಗೆಯ ಫೈಲ್ ಎನ್ನುವ ಆಯ್ಕೆ ನನ್ನದೇ. ಸ್ಟೆಪ್ ಆಗಿದ್ದರೆ ಬೋಲ್ಟಿನ ತೂತನ್ನು ಹಾಗೇ ಇಟ್ಟು ಪಟ್ಟಿಯನ್ನಷ್ಟೇ ಚಿಕ್ಕದು ಮಾಡಬಹುದಿತ್ತು. ಎಸ್‌ಟಿಎಲ್ ಫೈಲ್ ಎಂದರೆ ಆಕಾರದ ಬರೀ ಹೊರಚಿಪ್ಪು. ಇಡಿಯಾಗಿ ಹಿಗ್ಗಿಸುವುದು ಇಲ್ಲವೇ ಕುಗ್ಗಿಸುವುದು ಸುಲಭ. ಒಂದೇ ಅಳತೆ ತಿದ್ದುವುದು ತಲೆನೋವು. ಎಸ್‌ಟಿಎಲ್ ಮಾತ್ರ ಕೊಟ್ಟೆ. "ಎಲ್ಲರಿಗೂ ಸುಲಭವಾಗಲಿ" ಎಂದೂ ಬರೆದೆ. ನಿಜವೆಂದರೆ — ಇಪ್ಪತ್ತು ವರ್ಷ ಕಂಪನಿಗಳಿಗೆ ಡ್ರಾಯಿಂಗ್ ಮಾಡಿದೆ. ಒಂದರ ಮೇಲೂ ನನ್ನ ಹೆಸರಿಲ್ಲ. ಇದೊಂದನ್ನಾದರೂ ಯಾರೂ ತಿದ್ದಿ ತಮ್ಮದೆನ್ನಬಾರದು...

ಮಗುವಿನ ತೋಳು ಸಣ್ಣದು. ನಜೀರ್ ಎಂಬತ್ತು ಪರ್ಸೆಂಟಿಗೆ ಕುಗ್ಗಿಸಿದರು. ಎಂಟು ಎಂಎಂ ತೂತು 6.4 ಆಯಿತು. ಬೋಲ್ಟ್ ಕುಗ್ಗುವುದಿಲ್ಲವಲ್ಲ. ಡ್ರಿಲ್ ಹಾಕಿ ಎಂಟು ಮಾಡಿದರು. ಯಾರಾದರೂ ಹಾಗೇ ಮಾಡುತ್ತಿದ್ದರು. ತೂತಿನ ಸುತ್ತ ನಾನು ಬಿಟ್ಟಿದ್ದ ದಪ್ಪ ನಾಲ್ಕು ಎಂಎಂ. ಉಳಿದದ್ದು 2.4. ಎರಡು ಸಲ ಲೆಕ್ಕ ಹಾಕಿದೆ. ಅಷ್ಟೇ ಬಂತು.

ಸೆಪ್ಟೆಂಬರ್ 5

ಸತೀಶನಿಗೆ ಹೇಳಿದೆ. ಗಂಡ ತಾನೇ, ಬೈದರೂ ಬೈಯಲಿ ಎಂದು. ಬೈಯಲಿಲ್ಲ.

"ಫೈಲ್ ತೆಗ್ದು ಬಿಡು ಮಾರಾಯ್ತಿ, ಮುಗೀತು. ನಿನ್ನನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಮತ್ತೆಂತಕ್ಕೆ ಮೈಮೇಲೆ ಎಳ್ಕೊಳ್ಳೋದು?"

ಆ ಮಾತು ಹಿತವಾಯಿತು. ಅದನ್ನೂ ಬರೆದಿಡುತ್ತೇನೆ. ವೆಬ್‌ಸೈಟಿನಿಂದ ಫೈಲ್ ತೆಗೆದೆ. ಕಾರಣ ಹಾಕಲಿಲ್ಲ. ಅಷ್ಟರಲ್ಲಿ 212 ಜನ ಇಳಿಸಿಕೊಂಡಿದ್ದರು. ಅವರಲ್ಲಿ ಎಷ್ಟು ಜನ ಕುಗ್ಗಿಸಿದ್ದಾರೋ.

ಸೆಪ್ಟೆಂಬರ್ 14, ಭಾನುವಾರ

ಮುತ್ತಿನಕೊಪ್ಪಕ್ಕೆ, ಸುಮಯ್ಯಳ ಮನೆಗೆ ಹೋಗಿದ್ದೆ. ಸುಮಯ್ಯ ಮಂಚದ ಮೇಲೆ, ಗೋಡೆ ಕಡೆ ಮುಖ. ಇನ್ನು ಊರುಗೋಲು ಮುಟ್ಟುವುದಿಲ್ಲ ಎನ್ನುತ್ತಾಳಂತೆ. ಡಾಕ್ಟರರೂ ವೀಲ್‌ಚೇರ್ ಮಾತಾಡುತ್ತಿದ್ದಾರೆ.

ತಾಯಿ ಬಿಲ್ಕಿಸ್ ಚಹಾ ತಂದರು.

"ಅಣ್ಣ ಬಾಗಿಲಿಗೆ ಬಂದಿದ್ದ ಅಕ್ಕ. ಒಳಗೆ ಕರೀಲಿಲ್ಲ ನಾನು. ಮೊಬೈಲ್ ಗ್ಲಾಸ್ ಹಾಕೋನಿಗೆ ನನ್ ಮಗಳ ಕೈಕಾಲಿನ ಉಸಾಬರಿ ಎಂತಕ್ಕೆ?"

ಸುಮಯ್ಯ ತಿರುಗದೆಯೇ ಕೇಳಿದಳು: "ಆಂಟಿ, ನೀವು ಮಾಡಿದ್ದು ಮುರಿಯೋದೇ ಇಲ್ಲ ಅಂದಿದ್ರು ಮಾಮ. ಹೌದಾ?"

ಹೇಳಬೇಕೆಂದೇ ಹೋಗಿದ್ದೆ. ಬಿಸ್ಕತ್ತು ತಿಂದು ಬಂದೆ.

ಸೆಪ್ಟೆಂಬರ್ 18, ಗುರುವಾರ

ನಜೀರ್ ಅಂಗಡಿಗೆ ಹೋಗಿ ಸ್ಟೆಪ್ ಫೈಲಿನ ವಿಷಯ ಹೇಳಿದೆ. ಯಾವುದೋ ಫೋನಿನ ಸ್ಕ್ರೂ ಬಿಚ್ಚುತ್ತಿದ್ದರು. ಕೈ ನಿಂತಿತು.

"ಇತ್ತಾ?"

"ಇತ್ತು."

"ನಾನು ಕೇಳ್ದಾಗ್ಲೇ?"

"ಹೌದು."

ಸ್ಕ್ರೂಡ್ರೈವರ್ ಕೆಳಗಿಟ್ಟರು. ಆಮೇಲೆ: "ನಾನು ಹೇಳಿದ್ರೆ ಬಿಲ್ಕಿಸ್ ನಂಬೋದಿಲ್ಲ, ತಪ್ಪಿಸ್ಕೊಳ್ಳೋಕೆ ಹೇಳ್ತಾನೆ ಅಂತಾಳೆ. ನೀವೇ ಬರೆದು ಹಾಕಿ. ಎಲ್ರೂ ಓದೋ ಹಾಗೆ." ಮೇಡಂ ಎನ್ನಲಿಲ್ಲ.

ಸೆಪ್ಟೆಂಬರ್ 19, ಸಂಜೆ

ಬರೆದೆ. ಇಡಿಯಾಗಿ ಕುಗ್ಗಿಸಬೇಡಿ, ಕುಗ್ಗಿಸಿದ್ದರೆ ಬಳಸಬೇಡಿ ಎನ್ನುವುದು ಮೇಲೆ, ದಪ್ಪಕ್ಷರದಲ್ಲಿ. ಕೆಳಗೆ ಸ್ಟೆಪ್ ಫೈಲ್. ನಡುವೆ ಸುಮಯ್ಯಳಿಗೆ ಆದದ್ದು, ಹೆಸರಿಲ್ಲದೆ. ಮೊದಲು "ಆಗ ಸ್ಟೆಪ್ ಲಭ್ಯವಿರಲಿಲ್ಲ" ಎಂದು ಬರೆದಿದ್ದೆ. ಕೈಗೆ ತಾನಾಗಿ ಬಂದ ವಾಕ್ಯ ಅದು. ಅಳಿಸಿದೆ. "ಇತ್ತು. ಕೇಳಿದರೂ ಕೊಡಲಿಲ್ಲ."

ಮೊದಲು ಬಿಲ್ಕಿಸ್ ಎದುರು ಕೂತು ಓದುತ್ತೇನೆ. ಅವರು ಒಳಗೆ ಕರೆದರೆ. ಕರೆಯದಿದ್ದರೆ ಬಾಗಿಲಲ್ಲಿ ನಿಂತೇ. ಹಾಕುವುದು ಆಮೇಲೆ, ಅಲ್ಲಿಂದಲೇ, ಫೋನಿನಲ್ಲಿ —

ಸೆಪ್ಟೆಂಬರ್ 20, ಶನಿವಾರ. ಮುತ್ತಿನಕೊಪ್ಪ

ಬಾಗಿಲಲ್ಲಿ ನಿಂತೇ ಓದಿದೆ, ಅಲ್ಲಿಂದಲೇ ಹಾಕಿದೆ.