ಜೈಲಿನ ಫೋನಿನಲ್ಲಿ ತುಳು

ಸಾನಪಾಡಾ, ನವಿ ಮುಂಬಯಿ
4 ನವೆಂಬರ್ 2025, ಮಂಗಳವಾರ

ಪ್ರೀತಿಯ ಮೋಹನಣ್ಣಾ,

ಹೇಗಿದ್ದಿ? ಸೊಂಟನೋವು ನೆಲದ ಮೇಲೆ ಮಲಗಿ ಹೆಚ್ಚಾಯಿತಾ? ಕಳೆದ ಸಲ ನಿನ್ನ ಮುಖ ಇಳಿದುಹೋಗಿತ್ತು. ಅಲ್ಲಿಯ ದಾಲ್ ನೀರಾಗಿದ್ದರೂ ಊಟ ಬಿಡಬೇಡ. ಹೋಟೆಲಿನ ಮ್ಯಾನೇಜರಾಗಿ ಇಷ್ಟು ವರ್ಷ ಎಲ್ಲರ ಸಾಂಬಾರಿಗೂ ಹೆಸರಿಟ್ಟದ್ದು ಸಾಕು. ಅಮ್ಮ ಆರಾಮ, ಬಿ.ಪಿ. ಮಾತ್ರೆ ಮಾತ್ರ ನಾನು ಎದುರು ನಿಂತರೆ ನುಂಗುತ್ತಾಳೆ. ನನಗೇ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದದ ಮಧ್ಯೆಯೂ ಎದ್ದು ಹೋಗಿ ಗ್ಯಾಸ್ ಬಂದ್ ಇದೆಯಾ ಎಂದು ನೋಡಿ ಬರುತ್ತೇನೆ. ನಿಮ್ಮ ಹೋಟೆಲಿನ ಒಲೆಯೆದುರು ಪಾಪ ಆ ಯಂಕಪ್ಪ ಸುಟ್ಟು ಸತ್ತಂದಿನಿಂದ ಹೀಗೆಯೇ.

ಶುಕ್ರವಾರ ನಿನ್ನ ಧಣಿಗಳ ಹೆಂಡತಿ ವಾರಿಜಕ್ಕ ಸೇಬು, ಮೂಸಂಬಿ ಹಿಡಿದುಕೊಂಡು ಬಂದಿದ್ದರು. ನಿನ್ನನ್ನು ಪೊಲೀಸರು ಒಯ್ದ ಮೇಲೆ ಇದೇ ಮೊದಲು. ಅಮ್ಮನಿಗೆ ಸಮಾಧಾನ ಹೇಳಿದರು, ಚಹಾ ಕುಡಿದರು, ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದರು. “ಗ್ಯಾಸಿನ ಪೈಪ್ ಬದಲಿಸುವ ಎಂದು ಮೋಹನ ಹೇಳಿದರೆ ನಮ್ಮ ಇವರು ಚೌತಿ ಕಳೆಯಲಿ ಅಂದರಂತೆ. ಹಾಗೆಲ್ಲ ಫೋನಿನಲ್ಲಿ ಹೇಳಲಿಕ್ಕುಂಟಾ ಜಯಾ? ಅಮ್ಮನ ಹತ್ತಿರ ಸಣ್ಣ ಮಗುವಿನ ಹಾಗೆ ಅತ್ತದ್ದಾದರೂ ಯಾಕೆ?” ಅಣ್ಣಾ, ನೀನು ಜೈಲಿನ ಫೋನಿನಿಂದ ಹೇಳಿದ ಮಾತು ಅದು. ಈ ಕಡೆ ಕೇಳಿದ್ದು ಅಮ್ಮ ಮತ್ತು ನಾನು ಮಾತ್ರ. ಪೈಪಿನ ವಿಷಯ ಹೊರಬಿದ್ದದ್ದಕ್ಕಿಂತ ನಿನ್ನ ಅಳು ಅವರ ಬಾಯಲ್ಲಿ ಬಂದದ್ದೇ ನನಗೆ ಹೆಚ್ಚು ಸಂಕಟವಾಯಿತು.

ರೆಕಾರ್ಡ್ ಆಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಅಮ್ಮನಿಗೆ ಹಿಂದಿ ಬಾರದು, ಮತ್ತೆ ತುಳು ಇಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಭಂಡ ಧೈರ್ಯ ಬೇರೆ. ಎಲ್ಲರ ಎದುರೇ ಎಲ್ಲರನ್ನೂ ಆಡಿಕೊಂಡು ಬೆಳೆದವರಲ್ಲವಾ ನಾವು. ಒಮ್ಮೆ ಟ್ರೇನಿನಲ್ಲಿ ಎದುರು ಕೂತ ಹೆಂಗಸಿನ ಸೀರೆ, ಬಳೆ, ಗಂಡನ ಹೊಟ್ಟೆ ಯಾವುದನ್ನೂ ಬಿಡದೆ ನಾವಿಬ್ಬರೂ ನಗಾಡಿದೆವು. ಸೀವುಡ್ಸ್‌ನಲ್ಲಿ ಇಳಿಯುವಾಗ ಅವಳು ನಮ್ಮದೇ ತುಳುವಿನಲ್ಲಿ “ಬರ್ಪೆ” ಎಂದು ಹೇಳಿ ಹೋದಳು. ಸಾನಪಾಡಾ ಬರುವವರೆಗೆ ನೀನು ತಲೆ ಎತ್ತಲಿಲ್ಲ. ಆದರೂ ನಮಗೆ ಬುದ್ಧಿ ಬರಲಿಲ್ಲ ನೋಡು.

ಜೈಲಿನ ಸಾಹೇಬರಿಗೆ ಅದು ಯಾವ ಭಾಷೆ ಎಂದೇ ಮೊದಲು ತಿಳಿಯಲಿಲ್ಲವಂತೆ. ಉಡುಪಿ ಹೋಟೆಲಿನವರ ಭಾಷೆ ಎಂದು ಯಾರೋ ಹೇಳಿದರಂತೆ. ಮತ್ತೆ ಕೇಳಬೇಕಾ, ಉಡುಪಿ ಹೋಟೆಲನ್ನೇ ಹುಡುಕಿದರು, ಸಿಕ್ಕಿದ್ದು ನಿನ್ನ ಧಣಿಗಳದೇ ಖಾರಘರದ ಹೋಟೆಲು. ಅಲ್ಲಿ ಕ್ಯಾಶಿನಲ್ಲಿ ಕೂರುವ ಲತೀಶ ಹೋಗಿ, ರೆಕಾರ್ಡ್ ಕೇಳಿ, ಹಿಂದಿಯಲ್ಲಿ ಹೇಳಿ ಬಂದ. ಧಣಿಗಳಿಗೆ ಮಾತ್ರ ತುಳುವಿನಲ್ಲೇ ಹೇಳಿರಬೇಕು. ಇದನ್ನೂ ವಾರಿಜಕ್ಕನೇ ಹೆಮ್ಮೆಯಿಂದ ಹೇಳಿದ್ದು: ಜೈಲಿಗೆ ಕನ್ನಡದ ಕಾಗದ ಬಂದರೂ ಮೊದಲು ಓದಿ ಹೇಳಲಿಕ್ಕೆ ನಮ್ಮ ಲತೀಶನೇ ಬೇಕು ಎಂದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ನಮ್ಮ ಕೆಳಗಿನ ಮಹಡಿಯ ಅಪರ್ಣಾ ಇದ್ದಾಳಲ್ಲ, ವಕೀಲೆ, ಅವಳ ಹತ್ತಿರ ಎಲ್ಲ ಹೇಳಿದೆ. ಯಾರ ವಿರುದ್ಧ ನೀನು ಮಾತಾಡಿದೆಯೋ ಅವರ ಕಿವಿಗೇ ಜೈಲಿನ ರೆಕಾರ್ಡ್ ಹೋಗುವುದೆಂದರೇನು ಎಂದು ಅವಳು ನನಗಿಂತ ಹೆಚ್ಚು ಸಿಟ್ಟಾದಳು. ಯಾರು ಕೇಳಿದರು, ಯಾರಿಗೆ ಹೇಳಿದರು ಎಂದು ಜಡ್ಜರ ಮುಂದೆ ಅರ್ಜಿ ಹಾಕುತ್ತಾಳೆ. ಅಮ್ಮ ಮಾತ್ರ ಇನ್ನು ಫೋನ್ ಬಂದರೆ ಹೂಂ ಅಷ್ಟೇ ಅನ್ನುತ್ತೇನೆ ಎಂದು ಕೂತಿದ್ದಾಳೆ. ಮಗನ ಹತ್ತಿರ ಮಾತಾಡಲಿಕ್ಕೂ ಹೆದರಬೇಕಾ ಎಂದು ನನ್ನನ್ನು ಕೇಳಿದಳು.

ಚಳಿ ಸುರುವಾಗುತ್ತದೆ, ಕಂಬಳಿ ಸರಿಯಾಗಿ ಹೊದ್ದುಕೋ. ಅಮ್ಮ ನಿನ್ನ ತಲೆ ಸವರಿದಳು ಎಂದು ತಿಳಿ.

ನಿನ್ನ ತಂಗಿ
ಜಯಲತಾ

ತಾ.ಕ.: ಇದನ್ನು ಬರೆಯಲಿಕ್ಕೆಂದೇ ಕೂತದ್ದು. ಬರುವ ಸೋಮವಾರ ಧಣಿಗಳ ವಕೀಲರು ಅಲ್ಲಿಗೆ ಬಂದು ಒಂದು ಹೇಳಿಕೆಗೆ ನಿನ್ನ ಸಹಿ ಕೇಳುತ್ತಾರೆ, ವಾರಿಜಕ್ಕ ಹೋಗುವಾಗ ಬಾಗಿಲಲ್ಲಿ ಹೇಳಿದರು. ಪೈಪ್ ಹಾಳಾದದ್ದನ್ನು ನೀನು ಯಾರಿಗೂ ತಿಳಿಸಿರಲಿಲ್ಲ ಎಂದು ಬರೆದಿರುತ್ತದೆ. ಬೇಗ ಬಿಡಿಸುತ್ತೇವೆ ಅನ್ನುತ್ತಾರೆ. ಸಹಿ ಹಾಕಬೇಡ ಅಣ್ಣಾ, ಯಂಕಪ್ಪನ ಸಾವು ನಿನ್ನೊಬ್ಬನ ತಲೆಗೆ ಬರುತ್ತದೆ. ನನಗೆ ನಿನ್ನನ್ನು ನೋಡಲು ಮುಲಾಕಾತ್ ಸಿಕ್ಕಿದ್ದು ಆ ಸೋಮವಾರ ಕಳೆದ ಮೇಲಿನ ಬುಧವಾರಕ್ಕೆ, ಅಪರ್ಣಾಳಿಗೆ ಒಳಗೆ ಬರಲು ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಬೇರೆ ದಾರಿಯಿಲ್ಲದೆ ಈ ಕಾಗದವನ್ನು ನಾಳೆ ಗೇಟಿನಲ್ಲಿ ಕೊಡುತ್ತಿದ್ದೇನೆ.

ಲತೀಶಾ, ಇದನ್ನು ಮೊದಲು ಓದುವುದು ನೀನು ಎಂದು ನನಗೆ ಗೊತ್ತು. ಧಣಿಗಳಿಗೆ ಹೇಳುವುದಾದರೆ ಹೇಳು, ಕಾಗದ ಮಾತ್ರ ಅಣ್ಣನ ಕೈ ಸೇರಲಿ. ಅವನ ಮಾತನ್ನು ಹಿಂದಿಯಲ್ಲಿ ಹೇಳಲಿಕ್ಕೆ ಸಾಹೇಬರು ನಿನ್ನನ್ನು ಕರೆಸಿದರು, ಸರಿ. ಅವನು ಅತ್ತದ್ದು ನೀನಿಲ್ಲದೆಯೂ ಅವರಿಗೆ ತಿಳಿಯುತ್ತಿತ್ತು. ಅದನ್ನು ಧಣಿಗಳ ಮನೆಗೆ ಯಾಕೆ ಹೊತ್ತುಕೊಂಡು ಹೋದಿ?